ಅವಧಿಪೂರ್ವ ಶಿಶುವಿನ ಮೊದಲ ನಿಮಿಷ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



37 ವಾರಗಳು ತುಂಬುವ ಮುನ್ನ ಜನಿಸುವ ಶಿಶುವನ್ನು ಅವಧಿಪೂರ್ವ ಶಿಶುವೆಂದೂ, 28 ವಾರಗಳಿಗೂ ಮುನ್ನ ಜನಿಸುವ ಶಿಶುವನ್ನು ಅತ್ಯಂತ ಅವಧಿಪೂರ್ವ ಶಿಶುವೆಂದೂ ವೈದ್ಯಶಾಸ್ತ್ರವು ಗುರುತಿಸುತ್ತದೆ. ಇಂತಹ ಶಿಶುವಿನ ತೂಕವು ಸುಮಾರು 1 ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇರುವುದುಂಟು. ಏಳು ತಿಂಗಳ ಕೂಸು ಉಳಿಯದೆಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಅಂತಹ ಅನೇಕ ಶಿಶುಗಳು ಇಂದು ಬದುಕಿ ಬೆಳೆಯುತ್ತಿವೆ. ಶಿಶು ಎಲ್ಲಿ ಜನಿಸಿತೆಂಬುದೇ ಇದರಲ್ಲಿ ಬಹುಮುಖ್ಯ.

ಈ ಶಿಶುವಿನ ಚರ್ಮ ತೆಳು, ಚರ್ಮದಡಿಯ ಕೊಬ್ಬು ಅತ್ಯಲ್ಪ. ಕೆಲವೇ ನಿಮಿಷಗಳಲ್ಲಿ ಮೈ ತಣ್ಣಗಾಗುತ್ತದೆ. ಶ್ವಾಸಕೋಶವೂ ಬಲಿತಿರುವುದಿಲ್ಲ. ಸಜ್ಜಾದ ಹೆರಿಗೆ ಕೊಠಡಿಯಲ್ಲಿ ವಾರ್ಮರ್ ಮೊದಲೇ ಬಿಸಿಯಾಗಿರುತ್ತದೆ. ಶಿಶುವನ್ನು ಕತ್ತಿನವರೆಗೆ ಶುದ್ಧ ಪ್ಲಾಸ್ಟಿಕ್ ಹೊದಿಕೆಯಲ್ಲಿರಿಸಿ, ತಲೆಗೆ ಟೊಪ್ಪಿಗೆ ತೊಡಿಸಿ, ಮೈಶಾಖವನ್ನು 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಕಾಯ್ದುಕೊಳ್ಳಲಾಗುತ್ತದೆ. ಉಸಿರಾಡದ ಶಿಶುವಿಗೆ ಮೊದಲ ನಿಮಿಷದೊಳಗೇ ಗಾಳಿಚೀಲ ಮತ್ತು ಮುಖವಾಡದ ನೆರವಿನಿಂದ ಉಸಿರು ನೀಡಬೇಕಾಗುತ್ತದೆ. ಕಳೆದುಹೋದ ಆ ನಿಮಿಷವನ್ನು ಅನಂತರ ಯಾವ ವಾಹನವೂ ಮರಳಿ ತರಲಾರದು.

ಆದುದರಿಂದ ಹುಟ್ಟಿದ ಶಿಶುವನ್ನು ಸಾಗಿಸುವುದಕ್ಕಿಂತ, ಗರ್ಭಿಣಿಯನ್ನೇ ಹೆರಿಗೆಗೆ ಮುನ್ನ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವುಳ್ಳ ಆಸ್ಪತ್ರೆಗೆ ತಲುಪಿಸುವುದು ಮೇಲು. 24ರಿಂದ 34 ವಾರಗಳ ನಡುವೆ ಅಕಾಲಿಕ ಹೆರಿಗೆಯ ಸೂಚನೆ ಕಂಡಾಗ ವೈದ್ಯರ ನಿರ್ಣಯದಂತೆ ನೀಡುವ ಚುಚ್ಚುಮದ್ದು ಶಿಶುವಿನ ಶ್ವಾಸಕೋಶವನ್ನು ಬಲಗೊಳಿಸುತ್ತದೆ. ಅದು ಫಲ ನೀಡಲು ಕೆಲವು ಗಂಟೆಗಳ ಕಾಲಾವಕಾಶ ಬೇಕು. ಪದೇ ಪದೇ ಹೊಟ್ಟೆ ಬಿಗಿಯುವುದು, ನೀರು ಸೋರುವುದು, ರಕ್ತಸ್ರಾವ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಬೇಕು.

ಇಲ್ಲಿಯೇ ಸದಸ್ಯರ ಹೊಣೆ ಆರಂಭವಾಗುತ್ತದೆ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ತೆರಳುವ ಗರ್ಭಿಣಿಯ ವಿವರ ಅನೇಕ ವೇಳೆ ತವರೂರಿನ ಆಶಾ ಕಾರ್ಯಕರ್ತೆಗೆ ತಿಳಿದಿರುವುದಿಲ್ಲ. ತಾಯಿ ಕಾರ್ಡ್ ಆಕೆಯೊಡನೆ ಹೋಗಿದೆಯೇ, ಎರಡೂ ಊರುಗಳ ಆಶಾ ಕಾರ್ಯಕರ್ತೆಯರು ಪರಸ್ಪರ ಮಾತನಾಡಿದ್ದಾರೆಯೇ ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ವಿಚಾರಿಸುವುದು ಅಗತ್ಯ. ಆಂಬುಲೆನ್ಸ್ ತಲುಪಲಾಗದ ರಸ್ತೆಯಿದ್ದಲ್ಲಿ ಬದಲಿ ವಾಹನವನ್ನೂ ಅದರ ಚಾಲಕನ ದೂರವಾಣಿ ಸಂಖ್ಯೆಯನ್ನೂ ಮೊದಲೇ ಗೊತ್ತುಪಡಿಸಿರಬೇಕು.

ಮನೆಯಲ್ಲಿಯೋ ದಾರಿಯಲ್ಲಿಯೋ ಹೆರಿಗೆಯಾದರೆ ಶಿಶುವಿಗೆ ಎಣ್ಣೆ ಹಚ್ಚಿ ನೀರೆರೆಯುವುದಾಗಲಿ, ಜೇನುತುಪ್ಪ ನೆಕ್ಕಿಸುವುದಾಗಲಿ ಸಲ್ಲದು. ಉಸಿರಾಡುತ್ತಿರುವ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ತಲೆ ಮುಚ್ಚಿ, ಮೂಗುಬಾಯಿ ತೆರೆದಿರುವಂತೆ ಇಬ್ಬರಿಗೂ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ ಹಾಗೂ ಸಾಗಣೆ 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಖರ್ಚಿನ ಅಂಜಿಕೆಯಿಂದ ಯಾವ ಕುಟುಂಬವೂ ಮನೆಯಲ್ಲಿ ಕಾಯದಂತೆ ಈ ವಿಷಯವನ್ನು ಪ್ರತಿ ವಾರ್ಡಿನ ಪ್ರತಿ ಗರ್ಭಿಣಿಯ ಮನೆಗೂ ಮುಟ್ಟಿಸುವುದು ಸದಸ್ಯರ ಕರ್ತವ್ಯವಾಗಿದೆ.