ಕೆಸುವಿನೆಲೆಯೂ ನೀರ ಹನಿಯೂ

ಸಂಸಾರದಲ್ಲಿದ್ದೂ ಅದಕ್ಕೆ ಅಂಟದವರನ್ನು ನಮ್ಮ ಹಿರಿಯರು ತಾವರೆಯೆಲೆಯ ಮೇಲಿನ ನೀರಿಗೆ ಹೋಲಿಸಿದರು. ಹೋಲಿಕೆ ಎಲ್ಲರಿಗೂ ಗೊತ್ತು. ನೀರು ಏಕೆ ಅಂಟುವುದಿಲ್ಲವೆಂದು ಕೇಳಿದವರು ವಿರಳ.

ತಾವರೆ ದೊರೆಯದಿದ್ದರೆ ಚಿಂತೆಯಿಲ್ಲ. ಹಿತ್ತಲಿನಿಂದ ಒಂದು ಕೆಸುವಿನೆಲೆಯನ್ನು ತನ್ನಿರಿ. ಮೇಲೊಂದು ಹನಿ ನೀರು ಬಿಡಿ. ಅದು ಮುತ್ತಿನಂತೆ ಉರುಳುತ್ತದೆ. ಈಗ ಎಲೆಯ ಒಂದು ಮಗ್ಗುಲನ್ನು ಬಟ್ಟೆಯಿಂದ ಚೆನ್ನಾಗಿ ಉಜ್ಜಿ, ಅಲ್ಲಿಯೂ ಒಂದು ಹನಿ ಬಿಡಿ. ಈ ಹನಿ ಅಂಟಿ ನಿಲ್ಲುತ್ತದೆ. ಎಲೆ ಅದೇ, ನೀರೂ ಅದೇ. ಹಾಗಾದರೆ ಕೆಟ್ಟದ್ದು ಯಾವುದು?

ಹನಿಯ ಅಂಚು ಎಲೆಯನ್ನು ಮುಟ್ಟುವಲ್ಲಿ ಒಂದು ಕೋನ ಏರ್ಪಡುತ್ತದೆ. ಅದರ ಅರ್ಥವನ್ನು 1805ರಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ವಿವರಿಸಿದರು. ಶುಭ್ರವಾದ ಗಾಜಿನ ಮೇಲೆ ಕೋನ ಬಹಳ ಕಿರಿದು, ನೀರು ಹರಡುತ್ತದೆ. ಮೇಣದ ಮೇಲೆ ಅದು 90 ಡಿಗ್ರಿಯನ್ನು ಮೀರುತ್ತದೆ. ಆದರೆ ನುಣುಪಾದ ಮೈಗೆ ಯಾವ ರಾಸಾಯನಿಕವನ್ನು ಬಳಿದರೂ ಕೋನ ಸುಮಾರು 120 ಡಿಗ್ರಿಗೆ ನಿಲ್ಲುತ್ತದೆ. ತಾವರೆಯೆಲೆಯ ಮೇಲಾದರೋ ಅದು 160ರ ಆಸುಪಾಸು!

ಈ ಹೆಚ್ಚುವರಿ ಬಂದುದು ಒರಟುತನದಿಂದ. ಎಲೆಯ ತುಂಬ ಕಣ್ಣಿಗೆ ಕಾಣದ ಉಬ್ಬುಗಳಿವೆ. ಅವುಗಳ ಮೇಲೆ ಇನ್ನೂ ಸೂಕ್ಷ್ಮವಾದ ಮೇಣದ ಹರಳುಗಳಿವೆ. ಹನಿ ಉಬ್ಬುಗಳ ತುದಿಯ ಮೇಲಷ್ಟೇ ಕುಳಿತಿರುತ್ತದೆ, ನಡುವೆಲ್ಲ ಗಾಳಿ. ಇಂಥ ಮೈಯ ಲೆಕ್ಕವನ್ನು 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಕೊಟ್ಟರು. ಉರುಳುವ ಹನಿ ಧೂಳನ್ನೂ ಹೊತ್ತೊಯ್ಯುವ ಬಗೆಯನ್ನು 1997ರಲ್ಲಿ ಜರ್ಮನಿಯ ಬಾರ್ಟ್‌ಲಾಟ್ ಮತ್ತು ನೈನ್‌ಹುಯಿಸ್ ತೋರಿಸಿಕೊಟ್ಟರು. ಒರಟುತನವೊಂದೇ ಸಾಲದೆಂಬುದನ್ನೂ ಮರೆಯಬಾರದು: ನೀರನ್ನು ಬಯಸುವ ಮೈ ಒರಟಾದರೆ ಇನ್ನಷ್ಟು ಒದ್ದೆಯಾಗುತ್ತದೆ. ಮೇಣವೂ ಬೇಕು, ಉಬ್ಬುತಗ್ಗೂ ಬೇಕು. ನೀವು ಉಜ್ಜಿದಾಗ ಕೆಟ್ಟದ್ದು ಈ ಜೋಡಿಯೇ.

ಉಜ್ಜದ ಎಲೆಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಓರೆಯಾಗಿ ನೋಡಿ. ಬೆಳ್ಳಿಯ ತಗಡಿನಂತೆ ಹೊಳೆಯುತ್ತದೆ. ಅದು ಎಲೆ ಹಿಡಿದಿಟ್ಟ ಗಾಳಿಯ ಪದರ. ನೀರನ್ನು ಒಲ್ಲದ ಮೈ ಗಾಳಿಯನ್ನು ಅಪ್ಪಿಕೊಳ್ಳುತ್ತದೆ.

ಇದು ಬರಿಯ ಕುತೂಹಲದ ಮಾತಲ್ಲ. ಎಲೆಕೋಸಿನ ಮೇಲೂ ಇಂಥ ಮೇಣವಿದೆ. ರೈತನು ದುಡ್ಡು ಕೊಟ್ಟು ತಂದ ಔಷಧಿಯನ್ನು ಬರಿಯ ನೀರಿನಲ್ಲಿ ಬೆರೆಸಿ ಸಿಂಪಡಿಸಿದರೆ, ಬಹುಪಾಲು ಉರುಳಿ ಮಣ್ಣಿಗೆ ಸೇರಬಹುದು. ಹುಳು ಉಳಿಯುತ್ತದೆ, ಮಣ್ಣು ಕೆಡುತ್ತದೆ. ಆದ್ದರಿಂದಲೇ ಸಿಂಪರಣೆಗೆ ಅಂಟುದ್ರಾವಣವನ್ನು ಸೇರಿಸುವ ಪದ್ಧತಿ ಇದೆ. ಸೋಪಿನ ನೀರಿನ ಹನಿಯೊಂದನ್ನು ಕೆಸುವಿನೆಲೆಯ ಮೇಲೆ ಬಿಟ್ಟು ನೋಡಿದರೆ ಅದರ ಮರ್ಮ ತಿಳಿಯುತ್ತದೆ.

ಇನ್ನು ಮುಂದೆ ಆ ಹಳೆಯ ಹೋಲಿಕೆ ಕಿವಿಗೆ ಬಿದ್ದಾಗ ಇದನ್ನೂ ನೆನೆಯಿರಿ: ಅಂಟದ ಗುಣ ನೀರಿನದಲ್ಲ, ಎಲೆಯದು; ಒಮ್ಮೆ ಉಜ್ಜಿದರೆ ಅಳಿಯುವಷ್ಟು ನವಿರಾದದ್ದು.