ನನ್ನ ಶಿಷ್ಯೆಯ ಪಾಟೀಸವಾಲು

ಮೂವತ್ತು ವರ್ಷ ಪ್ರಶ್ನೆ ಕೇಳುವುದನ್ನೇ ಉದ್ಯೋಗ ಮಾಡಿಕೊಂಡವನು ನಾನು. ಉತ್ತರ ಹೇಳುವ ಜಾಗದಲ್ಲಿ ನಿಂತದ್ದು ಒಂದೇ ಸಲ. ಅದೂ ಬೆಳ್ತಂಗಡಿಯ ನ್ಯಾಯಾಲಯದ ಸಾಕ್ಷಿ ಕಟಕಟೆಯಲ್ಲಿ. ಪ್ರಶ್ನೆ ಹಾಕಿದವಳು ಹಿಂದೆ ನನ್ನ ಹತ್ತನೆಯ ತರಗತಿಯಲ್ಲಿ ಕಿಟಕಿಯ ಬದಿಯ ಬೆಂಚಿನಲ್ಲಿ ಕುಳಿತು ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದ ಹುಡುಗಿ. ಆ ದಿನದ ಸಂಗತಿಯನ್ನು ಹೇಳುವ ನೆಪದಲ್ಲಿ, ವಕೀಲಿ ವೃತ್ತಿ ಹಿಡಿದ ಹೆಣ್ಣುಮಕ್ಕಳ ವಿಷಯವಾಗಿ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಮೊದಲು ನನ್ನ ತಪ್ಪೊಪ್ಪಿಗೆ. ಆಕೆ ಕಾನೂನು ಓದುತ್ತೇನೆಂದು ಹಟ ಹಿಡಿದಾಗ ತಂದೆ ನನ್ನ ಬಳಿ ಸಲಹೆ ಕೇಳಲು ಬಂದಿದ್ದರು. “ಶಿಕ್ಷಕ ತರಬೇತಿಗೆ ಕಳಿಸಿ. ಕೋರ್ಟು ಕಟಕಟೆ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲ” ಎಂದಿದ್ದೆ. ಅದೇ ವಾರ ತರಗತಿಯಲ್ಲಿ ಸಭಾಪರ್ವದ ಕಥೆಯನ್ನು ಗಂಟಲು ತುಂಬಿ ಹೇಳಿದ್ದವನೂ ನಾನೇ. ದೊರೆ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಎಂದು ದ್ರೌಪದಿ ಕೇಳಿದಳಲ್ಲ, ಕಾನೂನಿನ ಪ್ರಶ್ನೆ ಅದಕ್ಕಿಂತ ಮೊನಚಾಗಿ ಇರುವುದುಂಟೆ? ಭೀಷ್ಮನೂ ಧರ್ಮಸೂಕ್ಷ್ಮವೆಂದು ಹೇಳಿ ತಪ್ಪಿಸಿಕೊಂಡ. ಪಾಠ ಒಂದು ಕಡೆ, ಬುದ್ಧಿ ಇನ್ನೊಂದು ಕಡೆ! ಪುಣ್ಯಕ್ಕೆ ಆ ತಂದೆ ನನ್ನ ಮಾತು ಕೇಳಲಿಲ್ಲ.

ನನ್ನಂತೆ ಯೋಚಿಸಿದವರು ದೊಡ್ಡ ಪೀಠಗಳಲ್ಲೂ ಇದ್ದರೆಂಬುದು ನನಗೆ ಆಮೇಲೆ ತಿಳಿಯಿತು. ಕಾರ್ನೀಲಿಯಾ ಸೊರಾಬ್ಜಿಯವರು 1892ರಲ್ಲಿಯೇ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಪರೀಕ್ಷೆಗೆ ಕುಳಿತರು. ವಕೀಲರೆಂದು ನ್ಯಾಯಾಲಯದಲ್ಲಿ ನಿಲ್ಲಲು ಅವರಿಗೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಿಡಿಯಿತು. 1916ರಲ್ಲಿ ರೆಜಿನಾ ಗುಹಾ ಎಂಬವರು ಕಲ್ಕತ್ತೆಯ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಶಾಸನದಲ್ಲಿ ಪುಲ್ಲಿಂಗದ ಶಬ್ದವಿದ್ದರೆ ಅದು ಸ್ತ್ರೀಯರನ್ನೂ ಒಳಗೊಳ್ಳುತ್ತದೆಂಬ ಸಾಮಾನ್ಯ ನಿಯಮವಿದ್ದೇ ಇತ್ತು. ಆದರೂ ವಕೀಲರ ಕಾಯಿದೆಗೆ ಅದು ಸಲ್ಲದೆಂದು ತೀರ್ಪಾಯಿತು. 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಇಲ್ಲವೆಂದರು. ಕೊನೆಗೆ 1923ರಲ್ಲಿ, ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಈ ವೃತ್ತಿಯಿಂದ ಹೊರಗಿಡಬಾರದೆಂದು ಬೇರೊಂದು ಕಾಯಿದೆಯನ್ನೇ ಮಾಡಬೇಕಾಯಿತು. ವ್ಯಾಕರಣ ಹೇಳಿಕೊಡುವವನಿಗೆ ಇದು ಬಹಳ ವಿಚಿತ್ರವಾಗಿ ಕಾಣುತ್ತದೆ.

ಕಲ್ಕತ್ತೆಯ ಮಾತು ಬಿಡಿ, ನಮ್ಮ ತುಳುನಾಡಿನದೇ ನೋಡಿ. ಇಲ್ಲಿಯ ಅನೇಕ ಮನೆತನಗಳಲ್ಲಿ ಅಳಿಯಸಂತಾನ ಕಟ್ಟು ನಡೆದುಬಂತು. ಆಸ್ತಿ ಇಳಿದುಬರುತ್ತಿದ್ದುದು ತಾಯಿಯ ಬಳಿಯಲ್ಲಿ. ಹೊರಗಿನವರು ಇದನ್ನು ಕೇಳಿ, ಆಹಾ ಹೆಣ್ಣಿಗೆ ಎಂಥ ಸ್ಥಾನ ಎನ್ನುವುದುಂಟು. ಸ್ಥಾನವೇನೋ ಹೌದು, ಯಜಮಾನ್ತಿಯರೂ ಇದ್ದರು. ಆದರೆ ಕಚೇರಿಗೆ ಹೋಗಿ ಮಾತಾಡುತ್ತಿದ್ದವನು ಸಾಮಾನ್ಯವಾಗಿ ಸೋದರಮಾವ. ಬಳಿ ಹೆಣ್ಣಿನದು, ಬಾಯಿ ಗಂಡಿನದು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ಕ್ರಮ ಬದಲಾಯಿತು. ಮಕ್ಕಳಕಟ್ಟಿನವರ ಪಿತ್ರಾರ್ಜಿತದಲ್ಲಿ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ, ಮದುವೆಯಾದವರಿಗೂ ಸೇರಿ, ಆ ಹಕ್ಕು ಬಂತು. ಹಕ್ಕು ಬಂದ ಬೆನ್ನಿಗೇ ಹಕ್ಕು ಬಿಡಿಸಿಕೊಳ್ಳುವ ಪತ್ರಗಳೂ ಬಂದವು. ತಂಗಿಗೊಂದು ಸೀರೆ ಉಡಿಸಿ, ಜೀಪಿನಲ್ಲಿ ಕೂರಿಸಿ, ನೋಂದಣಿ ಕಚೇರಿಗೆ ಕರೆದೊಯ್ದು ಸಹಿ ಹಾಕಿಸುವುದನ್ನು ನೀವೂ ಕಂಡಿರಬಹುದು.

ನಾನು ಸಾಕ್ಷಿಗೆ ಹೋದದ್ದು ಅಂಥದೇ ಒಂದು ದಾವೆಯಲ್ಲಿ. ತಂಗಿಯ ವಾದ, ಸಹಿ ಹಾಕಿದಾಗ ತನಗೆ ಹದಿನೆಂಟು ತುಂಬಿರಲಿಲ್ಲ ಎಂದು. ತುಂಬಿರದಿದ್ದರೆ ಆ ಪತ್ರಕ್ಕೆ ಬೆಲೆಯಿಲ್ಲ. ತುಂಬಿತ್ತು ಎಂದು ತೋರಿಸಲು ಅಣ್ಣಂದಿರು ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು ತರಿಸಿದರು. ಆ ಪುಸ್ತಕ ಬರೆದವನು ನಾನು. ಅದರ ಪ್ರಕಾರ ಹುಟ್ಟಿದ್ದು ಜೂನ್ 1. ಸಹಿಯ ದಿನಕ್ಕೆ ಹದಿನೆಂಟು ವರ್ಷ ಮೂರು ತಿಂಗಳು. ನನ್ನ ಅಕ್ಷರ ಮುತ್ತಿನಂತಿದೆಯೆಂದು ಇನ್‌ಸ್ಪೆಕ್ಟರು ಹಿಂದೊಮ್ಮೆ ಹೊಗಳಿದ್ದರು. ಆ ಹೆಮ್ಮೆಯಲ್ಲಿಯೇ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋದೆ.

ತಂಗಿಯ ಕಡೆಯ ವಕೀಲಿಯೇ ನನ್ನ ಶಿಷ್ಯೆ. ಎದ್ದು ನಿಂತು, ಗುರುತಿನ ನಗೆ ಕೂಡ ಇಲ್ಲದೆ, ತಗ್ಗಿದ ದನಿಯಲ್ಲಿ ಕೇಳಿದಳು.

“ಈ ಬರವಣಿಗೆ ತಮ್ಮದೇ?”

“ಹೌದು.”

“ಜನ್ಮದಿನಾಂಕಕ್ಕೆ ಆಧಾರ?”

“ಪ್ರಾಥಮಿಕ ಶಾಲೆಯ ವರ್ಗಾವಣೆ ಪತ್ರ.”

“ಜನನ ಪ್ರಮಾಣಪತ್ರ ನೋಡಿದ್ದೀರಾ?”

“ಇಲ್ಲ.”

“ಅದೇ ಪುಟದಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ ಇದ್ದಾರೆ? ದಯವಿಟ್ಟು ಎಣಿಸಿ ಹೇಳಿ.”

ಬೆರಳಿಟ್ಟು ಎಣಿಸಿದೆ. ಇಪ್ಪತ್ತು ಹೆಸರುಗಳಲ್ಲಿ ಹನ್ನೊಂದು! ಅಷ್ಟು ವರ್ಷ ನಾನೇ ಬರೆದ ಪುಟ. ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಗುವನ್ನು ಒಂದನೆಯ ತರಗತಿಗೆ ಸೇರಿಸುವಾಗ ನಾಲ್ಕಾರು ತಿಂಗಳು ಕಡಿಮೆಯಿದ್ದರೆ ಜೂನ್ 1 ಎಂದು ಬರೆಸುವುದು ಊರಿಗೆಲ್ಲ ಗೊತ್ತಿದ್ದ ಕ್ರಮ. ಆ ಕ್ರಮವನ್ನು ನನ್ನ ಬಾಯಿಂದಲೇ ಹೇಳಿಸಿ, “ಇನ್ನು ಪ್ರಶ್ನೆಯಿಲ್ಲ” ಎಂದು ಕುಳಿತಳು. ಪಂಚಾಯತಿನ ಜನನ ದಾಖಲೆಯಲ್ಲಿ ಇದ್ದದ್ದು ನವೆಂಬರ್ ತಿಂಗಳು. ದಾವೆ ಮುಂದೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಿ, ಬಾವಿಯ ಬದಿಯ ಅಡಿಕೆ ತೋಟ ತಂಗಿಗೆ ಬಂತು. ಅಣ್ಣನೂ ನನ್ನ ಶಿಷ್ಯನೇ. ಅಂದಿನಿಂದ ಪೇಟೆಯಲ್ಲಿ ಎದುರಾದರೆ ಆತನ ನಮಸ್ಕಾರವಿಲ್ಲ. ಅದು ನನಗೆ ನೋವು ಹೌದು. ಆದರೆ ಸುಳ್ಳು ಹೇಳಿ ಬಂದಿದ್ದರೆ ಮರುದಿನ ತರಗತಿಯಲ್ಲಿ ಹೇಗೆ ನಿಲ್ಲುತ್ತಿದ್ದೆನೋ.

ಸಂಜೆ ಜಗಲಿಯಲ್ಲಿ ಆಕೆಯೇ ಬಂದು ಮಾತಾಡಿಸಿದಳು. ನನಗೆ ಹಳೆಯ ಚಪಲ. “ನಿನ್ನನ್ನು ವಕೀಲೆ ಎನ್ನಲೋ, ವಕೀಲಿ ಎನ್ನಲೋ?” ಎಂದೆ. “ವಕೀಲರು ಅಂದರೆ ಸಾಕಲ್ವಾ ಸರ್?” ಎಂದಳು. ನಮ್ಮ ‘ಅರು’ ಪ್ರತ್ಯಯ ಗಂಡಿಗೂ ಹೆಣ್ಣಿಗೂ ಒಂದೇ. ಕಲ್ಕತ್ತೆಯ ಪೀಠದಲ್ಲಿ ಕನ್ನಡ ನಡೆಯುತ್ತಿದ್ದರೆ ಎಂದು ನನಗೆ ನಗು ಬಂತು. ಆದುದರಿಂದ ಇನ್ನು ಮುಂದೆ ಆಕೆಯನ್ನು ಅವರು ಎಂದೇ ಬರೆಯುತ್ತೇನೆ.

ಅವರು ಹೇಳಿದ ಕಷ್ಟಗಳು ಹಲವು. ಮೊದಲ ವರ್ಷಗಳಲ್ಲಿ ಕಕ್ಷಿದಾರರು ಬಾಗಿಲಲ್ಲಿ ನಿಂತು, ಎದುರಿಗೇ ಕೋಟು ತೊಟ್ಟು ಕುಳಿತವರನ್ನು ನೋಡಿ, “ವಕೀಲರು ಇಲ್ವಾ?” ಎಂದು ಕೇಳುತ್ತಿದ್ದರಂತೆ. ಜೀವನಾಂಶದ ಅರ್ಜಿಗೆ ಅವರು ಬೇಕು, ಜಾಗದ ತಕರಾರಿಗೆ ಗಂಡಸು ವಕೀಲ ಬೇಕು. ಪಹಣಿ, ನಕ್ಷೆ, ಗಡಿಕಲ್ಲು ಇವುಗಳನ್ನು ರಾತ್ರಿ ಮಗು ಮಲಗಿದ ಮೇಲೆ ಕುಳಿತು ಕಲಿತರು. ಈಗ ಆ ದಾವೆಗಳೂ ಬರುತ್ತವೆ.

ಒಂದು ಸಂಗತಿ ಮಾತ್ರ ವಿವರವಾಗಿ ಹೇಳಬೇಕು. ನಮ್ಮಲ್ಲಿ ಸಾಕ್ಷಿ ಹೇಳುವವರ ಬಾಯಿಯ ಮಾತು ತುಳು, ಬರೆದುಕೊಳ್ಳುವುದು ಕನ್ನಡದಲ್ಲಿ. ಒಬ್ಬ ಹೆಂಗಸು, “ಎನನ್ ಅಪ್ಪೆನ ಇಲ್ಲಡ್ ಬುಡಿಯೆ” ಎಂದಳಂತೆ. ತಾಯಿಮನೆಯಲ್ಲಿ ಬಿಟ್ಟ ಎಂದು ಕನ್ನಡದಲ್ಲಿ ದಾಖಲಾಯಿತು. ಬಿಟ್ಟ ಎಂದರೆ ಏನು? ನಾಲ್ಕು ದಿನ ಇದ್ದು ಬರಲೆಂದು ಬಿಟ್ಟನೋ, ಕೈಬಿಟ್ಟನೋ? ತುಳುವಿನಲ್ಲೂ ಕನ್ನಡದಲ್ಲೂ ಶಬ್ದ ಒಂದೇ. ಗಂಡನ ಕಡೆಯವರು, ತವರಿಗೆ ಹೋದವಳು ತಾನೇ ಮರಳಲಿಲ್ಲ ಎಂದು ವಾದ ಹೂಡಿದ್ದರು. ನಮ್ಮ ವಕೀಲರು ಎದ್ದು, “ಬಿಡುವಾಗ ಜೀಪಿನಲ್ಲಿ ಏನೇನು ಇತ್ತು?” ಎಂದು ಕೇಳಿದರು. ಟ್ರಂಕು ಇತ್ತು, ಮಗುವಿನ ತೊಟ್ಟಿಲೂ ಇತ್ತು ಎಂದು ಉತ್ತರ ಬಂತು. ನಾಲ್ಕು ದಿನಕ್ಕೆ ಹೋಗುವವರು ತೊಟ್ಟಿಲು ಒಯ್ಯುವುದಿಲ್ಲವಲ್ಲ! ಇದನ್ನು ಕೇಳಲು ಹೆಂಗಸೇ ಆಗಬೇಕೆಂದು ನಾನೆಂದೆ. ಅವರು ಒಪ್ಪಲಿಲ್ಲ. “ಹಿಂದಿನ ದಿನ ಅವಳ ಮಾತನ್ನು ಒಂದು ಗಂಟೆ ಕೇಳಿದವರು ಯಾರಾದರೂ ಕೇಳಬಹುದು ಸರ್” ಎಂದರು.

ಬಳ್ಳಾರಿಯಲ್ಲಿ ಮೊದಲ ಮಹಿಳಾ ವಕೀಲರಾಗಿದ್ದ ಮಂಜುಳಾ ಚೆಲ್ಲೂರರು 1988ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು, 2000ದಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಬಂದರು. ಮುಂದೆ ಕೇರಳ, ಕಲ್ಕತ್ತ, ಬೊಂಬಾಯಿ ಮೂರು ಕಡೆ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ಹೆಣ್ಣಿಗೆ ಸನ್ನದು ಇಲ್ಲವೆಂದ ಅದೇ ಕಲ್ಕತ್ತ. ಹಾಸನದಲ್ಲಿ ವಕೀಲಿ ಮಾಡಿದ ಬಾನು ಮುಷ್ತಾಕ್‌ರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ನಮ್ಮ ಶಾಲೆಯಲ್ಲಿ ಸಿಹಿ ಹಂಚಿದೆವು.

ಜಗಲಿಯಿಂದ ಹೊರಡುವಾಗ ಅವರು, “ಸರ್, ನಿಮ್ಮ ಪುಸ್ತಕದಲ್ಲಿ ನನ್ನದೂ ಜೂನ್ ಒಂದೇ” ಎಂದರು. ಶಾಲೆಗೆ ಬಂದು ತೆಗೆದು ನೋಡಿದೆ. ಹೌದು.

ಈಚೆಗೆ ಇನ್ನೊಬ್ಬ ತಂದೆ ಬಂದಿದ್ದರು. “ಮಾಸ್ತರೆ, ಮಗಳು ಲಾ ಓದುತ್ತೇನೆ ಅನ್ನುತ್ತಾಳೆ. ಏನು ಮಾಡುವುದು?” ನಾನು ಸಲಹೆ ಕೊಡಲಿಲ್ಲ. ನ್ಯಾಯಾಲಯದ ಬಾಗಿಲು ತೆರೆದೇ ಇರುತ್ತದೆ, ಹಿಂದಿನ ಬೆಂಚಿನಲ್ಲಿ ಒಂದು ಪೂರ್ವಾಹ್ನ ಕುಳಿತು ನೋಡಿ, ಮಗಳನ್ನೂ ಕರೆದುಕೊಂಡು ಹೋಗಿ ಎಂದೆ. ಬರುವ ಮಂಗಳವಾರ ಹೋಗುತ್ತಾರಂತೆ.