ಫಿಲ್ಮು ತೊಳೆಯಲು ಎಷ್ಟು ಹೊತ್ತು?

ಛಾಯಾಚಿತ್ರದ ಹವ್ಯಾಸಕ್ಕೆ ಕೈಹಾಕಿದವರು ಮೊದಲು ಕೇಳುವ ಪ್ರಶ್ನೆ ಇದು: ಈ ಫಿಲ್ಮನ್ನು ಎಷ್ಟು ನಿಮಿಷ ತೊಳೆಯಬೇಕು? ತೊಳೆಯುವುದೆಂದರೆ ಇಲ್ಲಿ ನೀರಿನಲ್ಲಿ ಜಾಲಿಸುವುದಲ್ಲ. ಡೆವಲಪರ್ ಎಂಬ ದ್ರಾವಣದಲ್ಲಿ ಅದ್ದಿ, ಬೆಳಕು ತಾಗಿದ ಬೆಳ್ಳಿಯ ಲವಣವನ್ನು ಕಪ್ಪು ಬೆಳ್ಳಿಯಾಗಿ ಮಾರ್ಪಡಿಸುವುದು. ಸ್ಟುಡಿಯೋದವರ ಬಾಯಲ್ಲಿ ಇದಕ್ಕೆ ತೊಳೆಯುವುದೆಂದೇ ಹೆಸರು. ನಾವೂ ಹಾಗೆಯೇ ಕರೆಯೋಣ. ಉತ್ತರವೇನೋ ತಯಾರಕರು ಕೊಡುವ ಹಾಳೆಯಲ್ಲಿ ಅಚ್ಚಾಗಿಯೇ ಇರುತ್ತದೆ. ಅದನ್ನು ಅರ್ಧ ಓದಿ ನಾವು ಕೆಟ್ಟ ಕಥೆಯನ್ನು ಮೊದಲು ಹೇಳಿಬಿಡುತ್ತೇವೆ.

ಒಂದು ವೈಶಾಖಮಾಸದಲ್ಲಿ ನಮ್ಮ ಸೋದರಮಾವನವರನ್ನು ಜಗಲಿಯ ಮೇಲೆ ಕುಳ್ಳಿರಿಸಿ ಚಿತ್ರ ತೆಗೆದೆವು. ಕರಿಯ ಕೋಟು, ತಲೆಗೆ ಬಿಳಿಯ ರುಮಾಲು. ಇಲ್‌ಫರ್ಡ್ ಕಂಪೆನಿಯ ಹೆಚ್‌ಪಿ 5 ಪ್ಲಸ್ ಫಿಲ್ಮು. ಐಡಿ 11 ಎಂಬ ಡೆವಲಪರ್. ಹಾಳೆಯಲ್ಲಿ ಏಳೂವರೆ ನಿಮಿಷವೆಂದಿತ್ತು. ಗಡಿಯಾರವನ್ನು ಮುಂದಿಟ್ಟುಕೊಂಡು ಏಳೂವರೆ ನಿಮಿಷವೇ ತೊಳೆದೆವು. ಒಣಗಿದ ನೆಗೆಟಿವಿನಲ್ಲಿ ರುಮಾಲು ಇದ್ದಿಲಿನ ಉಂಡೆಯಂತೆ ಕಂಡಿತು. ಕಾಗದದ ಮೇಲೆ ಇಳಿಸಿದಾಗ ಒಂದು ಮಡಿಕೆಯೂ ಇಲ್ಲದ ಬಿಳಿಯ ಬಯಲಾಯಿತು. ಹಣೆಯೂ ಅದರೊಡನೆ ಕರಗಿಹೋಗಿತ್ತು. ಮಳೆಗಾಲ ಕಳೆಯುವುದರೊಳಗೆ ಮಾವನವರು ತೀರಿಕೊಂಡರು. ಅವರ ಬೇರೆ ಚಿತ್ರ ಮನೆಯಲ್ಲಿ ಇರಲಿಲ್ಲ.

ಹಾಳೆಯದು ತಪ್ಪಲ್ಲ. ಏಳೂವರೆ ನಿಮಿಷದ ಪಕ್ಕದಲ್ಲಿಯೇ 20 ಡಿಗ್ರಿ ಸೆಂಟಿಗ್ರೇಡ್ ಎಂದು ಬರೆದಿತ್ತು. ನಾವು ಹೊತ್ತನ್ನು ಅಳೆದೆವು. ನೀರನ್ನು ಬೆರಳಿನಿಂದ ಮುಟ್ಟಿ, ತಣ್ಣಗಿದೆ ಎಂದುಕೊಂಡೆವು. ಮುಂದಿನ ಬೇಸಿಗೆಯಲ್ಲಿ ಅದೇ ನಲ್ಲಿಯ ನೀರಿಗೆ ಉಷ್ಣಮಾಪಕವನ್ನು ಇಟ್ಟಾಗ 28 ಡಿಗ್ರಿ ತೋರಿಸಿತು. ಆ ಬಿಸಿಯಲ್ಲಿ ಅರ್ಧ ಹೊತ್ತೇ ಸಾಕಾಗುತ್ತಿತ್ತು.

ಹೊತ್ತಿಗೂ ಚಿತ್ರಕ್ಕೂ ಇರುವ ಸಂಬಂಧವನ್ನು ಮೊದಲು ಅಳೆದು ತೋರಿಸಿದವರು ಇಂಗ್ಲೆಂಡಿನ ವಿಡ್ನೆಸ್ ಪಟ್ಟಣದ ರಾಸಾಯನಿಕ ಕಾರ್ಖಾನೆಯೊಂದರಲ್ಲಿದ್ದ ಇಬ್ಬರು. ಫರ್ಡಿನಾಂಡ್ ಹರ್ಟರ್ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ರಸಾಯನಜ್ಞ. ವೇರೊ ಡ್ರಿಫೀಲ್ಡ್ ಇಂಜಿನಿಯರು. 1890ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಒಂದು ಸಂಗತಿ ಸ್ಪಷ್ಟವಾಯಿತು. ಬೆಳಕನ್ನು ಅಡ್ಡಗೆರೆಯ ಮೇಲೆಯೂ ನೆಗೆಟಿವಿನ ಕಪ್ಪನ್ನು ನಿಲುಗೆರೆಯ ಮೇಲೆಯೂ ಗುರುತಿಸಿದರೆ ಒಂದು ವಕ್ರರೇಖೆ ದೊರೆಯುತ್ತದೆ. ತೊಳೆಯುವ ಹೊತ್ತು ಹೆಚ್ಚಿದಂತೆ ಆ ರೇಖೆಯ ಏರು ಕಡಿದಾಗುತ್ತದೆ. ಎಂದರೆ, ಕರಿಯ ಕೋಟಿನಿಂದ ಬಂದ ಅಲ್ಪ ಬೆಳಕಿನ ಗುರುತು ಅಷ್ಟಾಗಿ ಬದಲಾಗದು. ರುಮಾಲಿನಿಂದ ಬಂದ ಹೆಚ್ಚಿನ ಬೆಳಕಿನ ಗುರುತು ಮಾತ್ರ ನಿಮಿಷ ನಿಮಿಷಕ್ಕೂ ದಟ್ಟವಾಗುತ್ತ ಹೋಗುತ್ತದೆ. ಕೋಟಿನ ಗುಂಡಿಗಳು ಕಾಣದೆ ಹೋದರೆ ಅದು ಕ್ಯಾಮೆರಾದಲ್ಲಿ ಬೆಳಕು ಸಾಲದೆ ಬಂದ ದೋಷ. ಎಷ್ಟು ತೊಳೆದರೂ ಬಾರವು. ರುಮಾಲು ಮಾತ್ರ ತೊಳೆಯುವವನ ಕೈಯಲ್ಲಿದೆ.

ಹಿಂದಿನವರು ಗಾಜಿನ ಫಲಕವನ್ನು ಕೆಂಪು ದೀಪದ ಬೆಳಕಿನಲ್ಲಿ ನೋಡುತ್ತ ತೊಳೆಯುತ್ತಿದ್ದರು. ಚಿತ್ರ ಮೊದಲು ಮೂಡಲು ಹಿಡಿದ ಹೊತ್ತನ್ನು ಒಂದು ಗೊತ್ತಾದ ಸಂಖ್ಯೆಯಿಂದ ಗುಣಿಸಿದರೆ ಪೂರ್ಣಕಾಲ ಸಿಕ್ಕುವುದೆಂದು ಆಲ್‌ಫ್ರೆಡ್ ವಾಟ್ಕಿನ್ಸ್ 19ನೆಯ ಶತಮಾನದ ಕೊನೆಯ ದಶಕದಲ್ಲಿ ತೋರಿಸಿದನು. ಸೊಗಸಾದ ಉಪಾಯ. ಆದರೆ ಎಲ್ಲ ಬಣ್ಣಗಳನ್ನೂ ಕಾಣಬಲ್ಲ ನಮ್ಮ ಫಿಲ್ಮು ಕೆಂಪು ದೀಪವನ್ನೂ ಕಾಣುತ್ತದೆ. ಕಗ್ಗತ್ತಲೆಯಲ್ಲಿ ನಮಗೆ ಉಳಿದಿರುವುದು ಗಡಿಯಾರ ಮತ್ತು ಉಷ್ಣಮಾಪಕ, ಎರಡೇ.

ಉಷ್ಣತೆ 20ರಿಂದ ಒಂದೊಂದು ಡಿಗ್ರಿ ಏರಿದಂತೆ ಹೊತ್ತನ್ನು ಸುಮಾರು ಹತ್ತರಲ್ಲೊಂದು ಪಾಲು ಇಳಿಸಬೇಕು. 24 ಡಿಗ್ರಿಯಲ್ಲಿ ಏಳೂವರೆ ನಿಮಿಷವು ಐದೂಕಾಲಕ್ಕೆ ಬರುತ್ತದೆ. ಐದಕ್ಕಿಂತ ಕೆಳಗೆ ಇಳಿಯುವುದು ಕ್ಷೇಮವಲ್ಲ. ದ್ರಾವಣವನ್ನು ಸುರಿಯುವ, ಬಗ್ಗಿಸುವ ಕೆಲವು ಸೆಕೆಂಡುಗಳೇ ದೊಡ್ಡ ಪಾಲಾಗಿ, ಆಕಾಶದಲ್ಲಿ ಪಟ್ಟೆಗಳು ಮೂಡುತ್ತವೆ. ಆದುದರಿಂದ ಸೆಕೆಯ ನಾಡಿನವರು ಡೆವಲಪರಿಗೆ ಸಮಪಾಲು ನೀರು ಬೆರೆಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಆಗ ಇದೇ ಫಿಲ್ಮಿಗೆ 20 ಡಿಗ್ರಿಯಲ್ಲಿ 13 ನಿಮಿಷ, 24ರಲ್ಲಿ ಸುಮಾರು 9 ನಿಮಿಷ. ಹೂಜಿಯ ತಣ್ಣೀರನ್ನು ಬೆರೆಸಿದರೆ 24ಕ್ಕೆ ತರುವುದು ಕಷ್ಟವಲ್ಲ. ಹಾಗೆ ತಂದ ಮೇಲೆ ಹೈಪೋವನ್ನೂ ಕೊನೆಯ ನೀರನ್ನೂ ಅದೇ ಉಷ್ಣತೆಯಲ್ಲಿ ಇಟ್ಟುಕೊಳ್ಳಬೇಕು. ತಣ್ಣಗಿನದರಿಂದ ಬಿಸಿಯದಕ್ಕೆ ಥಟ್ಟನೆ ಹಾಕಿದರೆ ಜೆಲಟಿನ್ ಸುಕ್ಕಾಗಬಹುದು.

ಇಷ್ಟಾದರೂ 9 ಎಂಬುದು ಪ್ರಾರಂಭ ಮಾತ್ರ. ನಮ್ಮ ಉಷ್ಣಮಾಪಕ ಅರ್ಧ ಡಿಗ್ರಿ ಸುಳ್ಳು ಹೇಳಬಹುದು. ಡಬ್ಬವನ್ನು ನಾವು ಮೆಲ್ಲಗೆ ತಿರುಗಿಸುವವರೋ ಜೋರಾಗಿ ಕುಲುಕುವವರೋ, ಹಾಳೆಗೆ ತಿಳಿಯದು. ಸ್ವಂತ ಹೊತ್ತನ್ನು ಕಂಡುಕೊಳ್ಳಲು ಒಂದು ಸುರುಳಿಯನ್ನು ಬಲಿಕೊಡಬೇಕು. ಮೋಡವಿಲ್ಲದ ಬಿಸಿಲಿನಲ್ಲಿ ಒಂದು ಮರದ ಬುಡಕ್ಕೆ ಬಿಳಿಯ ಪಂಚೆಯನ್ನು ಹರಡಿ, ಮರದ ತೊಗಟೆ ಕಾಣುವಷ್ಟು ಬೆಳಕು ಕೊಟ್ಟು, ಅದೇ ನೋಟವನ್ನು 36 ಸಲವೂ ತೆಗೆಯಿರಿ. ಕತ್ತಲೆಯಲ್ಲಿ ಸುರುಳಿಯನ್ನು ಮೂರು ತುಂಡು ಮಾಡಿರಿ. ಎಲ್ಲವೂ ಒಂದೇ ನೋಟವಾದುದರಿಂದ ಕತ್ತರಿ ಎಲ್ಲಿ ಬಿದ್ದರೂ ನಷ್ಟವಿಲ್ಲ. ಪ್ರತಿ ತುಂಡಿಗೂ ಹೊಸ ದ್ರಾವಣ. ಒಂದಕ್ಕೆ 7 ನಿಮಿಷ, ಒಂದಕ್ಕೆ 9, ಒಂದಕ್ಕೆ 11. ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಡಬ್ಬವನ್ನು ತಲೆಕೆಳಗು ಮಾಡಿ, ಆಮೇಲೆ ಪ್ರತಿ ನಿಮಿಷದ ಪ್ರಾರಂಭದಲ್ಲಿಯೂ ಹಾಗೆಯೇ ಮಾಡಬೇಕು. ಮೂರರಲ್ಲಿಯೂ ಕೈ ಒಂದೇ ರೀತಿ ಆಡಬೇಕು.

ಒಣಗಿದ ಮೇಲೆ ಮೂರನ್ನೂ ಸಾಧಾರಣ ದರ್ಜೆಯ ಕಾಗದಕ್ಕೆ ಇಳಿಸಿರಿ. ಫಿಲ್ಮಿನ ಖಾಲಿ ಅಂಚು ಕಾಗದದ ಮೇಲೆ ಪೂರ್ಣ ಕಪ್ಪಾಗುವುದಕ್ಕೆ ಬೇಕಾದ ಅತ್ಯಲ್ಪ ಬೆಳಕಿಗಿಂತ ಒಂದು ಕ್ಷಣವೂ ಹೆಚ್ಚಿಗೆ ಕೊಡಬಾರದು. ಈಗ ಪಂಚೆಯನ್ನು ನೋಡಿರಿ. ಬೂದುಬಣ್ಣಕ್ಕಿದ್ದರೆ ಹೊತ್ತು ಸಾಲದು; ನೇಯ್ಗೆ ಅಳಿಸಿ ಬರಿಯ ಕಾಗದವಾಗಿದ್ದರೆ ಹೆಚ್ಚಾಯಿತು; ಬೆಳ್ಳಗಿದ್ದೂ ಎಳೆ ಕಾಣುತ್ತಿದ್ದರೆ ಅದೇ ನಿಮ್ಮ ಹೊತ್ತು. ತೊಗಟೆ ಮೂರರಲ್ಲಿಯೂ ಕಪ್ಪಾಗಿ ಮುಚ್ಚಿಹೋಗಿದ್ದರೆ ಹೊತ್ತನ್ನು ಬೈಯಬೇಡಿರಿ. ಮುಂದಿನ ಸಲ ಬೆಳಕನ್ನು ಇಮ್ಮಡಿಯಾಗಿ ಕೊಡಿರಿ.

ನಮ್ಮ ಪುಸ್ತಕದಲ್ಲಿ ಈಗ 24 ಡಿಗ್ರಿಗೆ ಎಂಟು ನಿಮಿಷವೆಂದು ಬರೆದುಕೊಂಡಿದ್ದೇವೆ. ಮಿತ್ರರೊಬ್ಬರಿಗೆ ಏಳೇ ಸಾಕು. ಅವರ ಎನ್‌ಲಾರ್ಜರಿನಲ್ಲಿ ಕಂಡೆನ್ಸರ್ ಮಸೂರವಿದ್ದು, ಅದು ಕಪ್ಪು ಬಿಳುಪಿನ ಅಂತರವನ್ನು ತಾನೇ ಹೆಚ್ಚಿಸುತ್ತದೆ. ಮಾವನವರ ನೆಗೆಟಿವನ್ನು ಈಚೆಗೆ ಮೆದು ದರ್ಜೆಯ ಕಾಗದಕ್ಕೆ ಇಳಿಸಿ, ರುಮಾಲಿನ ಭಾಗಕ್ಕೆ ಬಹಳ ಹೊತ್ತು ಬೆಳಕು ಕೊಟ್ಟೆವು. ಕಿವಿಯ ಮೇಲ್ಭಾಗದಲ್ಲಿ ಎರಡು ಮಡಿಕೆಗಳು ಬಂದವು.